ಹಳೆಯ ನಾಣ್ಯಗಳ ಬಣ್ಣಗಟ್ಟುವಿಕೆ ಮತ್ತು ಸ್ವಚ್ಛತೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕೊಡಗು ಜಿಲ್ಲೆಯ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ ತಿತಿಮತಿಯು ಗೋಣಿಕೊಪ್ಪ–ಹುಣಸೂರು ರಸ್ತೆಯಲ್ಲಿ, ನಾಗರಹೊಳೆ ಅರಣ್ಯದ ಅಂಚಿನಲ್ಲಿದೆ. ಇಲ್ಲಿನ ಹಾಗೂ ಸುತ್ತಲಿನ ಗ್ರಾಮಗಳ ಹಳೆಯ ಮನೆಗಳಲ್ಲಿ, ಐನ್‌ಮನೆಗಳ ಪೆಟ್ಟಿಗೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ನಾಣ್ಯಗಳಿರುವುದು ಸಾಮಾನ್ಯ. ಕಾಫಿ ತೋಟದಲ್ಲಿ ಗುಂಡಿ ತೋಡುವಾಗ ಅಥವಾ ಹಳೆಯ ಗೋಡೆ ಕೆಡವುವಾಗ ನಾಣ್ಯ ದೊರೆಯುವ ಸಂಭವವೂ ಉಂಟು. ಇಂತಹ ನಾಣ್ಯಗಳು ಕಪ್ಪಾಗಿ ಅಥವಾ ಹಸಿರಾಗಿ ಕಂಡೊಡನೆ ಉಜ್ಜಿ ಹೊಳಪು ತರಿಸುವ ರೂಢಿಯಿಂದ ಅವುಗಳ ಬೆಲೆಯೂ ಚಾರಿತ್ರಿಕ ಸಾಕ್ಷ್ಯವೂ ಶಾಶ್ವತವಾಗಿ ನಷ್ಟವಾಗುತ್ತವೆ. ಆದ್ದರಿಂದ ನಾಣ್ಯದ ಮಾಲೀಕರು, ಸಂಗ್ರಾಹಕರು ಹಾಗೂ ನಾಣ್ಯ ದೊರೆತವರು ಗಮನಿಸಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ನಾಣ್ಯದ ಬಣ್ಣ ಬದಲಾಗಲು ಕಾರಣ

ಲೋಹವು ಗಾಳಿ, ತೇವಾಂಶ, ಬೆವರು ಮತ್ತು ಮಣ್ಣಿನ ಲವಣಗಳೊಂದಿಗೆ ವರ್ತಿಸಿದಾಗ ಅದರ ಮೇಲೆ ತೆಳುವಾದ ಪೊರೆಯೊಂದು ಉಂಟಾಗುತ್ತದೆ. ಸಂಗ್ರಾಹಕರು ಇದನ್ನು ಟೋನಿಂಗ್ ಅಥವಾ ಪ್ಯಾಟಿನಾ ಎಂದು ಕರೆಯುತ್ತಾರೆ. ಲೋಹಕ್ಕೆ ಅನುಸಾರವಾಗಿ ಇದರ ಸ್ವರೂಪ ಬೇರೆ ಬೇರೆ.

ಬೆಳ್ಳಿ: ಗಾಳಿಯಲ್ಲಿರುವ ಗಂಧಕದ ಅನಿಲಗಳಿಂದ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಪೊರೆ ಬೆಳೆಯುತ್ತದೆ. ಪೊರೆ ದಪ್ಪವಾದಂತೆ ಬಣ್ಣವು ಹಳದಿ, ಕೆಂಪು, ನೇರಳೆ, ನೀಲಿ ಎಂದು ಬದಲಾಗುತ್ತಾ ಕೊನೆಗೆ ಕಪ್ಪಾಗುತ್ತದೆ. 1835ರ ನಂತರದ ಬ್ರಿಟಿಷ್ ಕಾಲದ ರೂಪಾಯಿಯು 11.66 ಗ್ರಾಂ ತೂಕವಿದ್ದು, ಅದರಲ್ಲಿ ಶೇ. 91.7ರಷ್ಟು ಬೆಳ್ಳಿ ಇತ್ತು. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧದಷ್ಟು ಮಾತ್ರ. ಉಳಿದ ಭಾಗ ಬಹುಪಾಲು ತಾಮ್ರವಾದ್ದರಿಂದ ಇವು ಬೇರೆ ರೀತಿಯಲ್ಲಿ ಮಾಸುತ್ತವೆ.

ತಾಮ್ರ ಮತ್ತು ಕಂಚು: ಮೊದಲು ಕೆಂಪುಮಿಶ್ರಿತ ಕಂದು ಬಣ್ಣದ ಆಕ್ಸೈಡ್, ನಂತರ ಗಟ್ಟಿಯಾದ ಹಸಿರು ಕಿಲುಬು ಉಂಟಾಗುತ್ತದೆ. ಟಿಪ್ಪು ಸುಲ್ತಾನನ ಆನೆಯ ಚಿತ್ರವುಳ್ಳ ತಾಮ್ರದ ನಾಣ್ಯಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಕನ್ನಡದಲ್ಲಿ ‘ಮಯಿಲಿ ಕಾಸು’ ಎಂಬ ಬರಹವುಳ್ಳ ತಾಮ್ರದ ಕಾಸುಗಳು ಈ ವರ್ಗಕ್ಕೆ ಸೇರುತ್ತವೆ.

ಚಿನ್ನ: ಶುದ್ಧ ಚಿನ್ನ ಬಣ್ಣಗೆಡುವುದಿಲ್ಲ, ಬೆರಕೆಯ ತಾಮ್ರ, ಬೆಳ್ಳಿಗಳಿಂದ ಕೆಂಪು ಅಥವಾ ಕಂದು ಛಾಯೆ ಬರಬಹುದು. ವೀರರಾಯ ಹಣದಂತಹ ಚಿಕ್ಕ ನಾಣ್ಯಗಳ ತೂಕ ಅರ್ಧ ಗ್ರಾಂಗೂ ಕಡಿಮೆಯಾದ್ದರಿಂದ ಅಲ್ಪ ಸವೆತವೂ ದೊಡ್ಡ ನಷ್ಟವೇ ಆಗುತ್ತದೆ.

ಸೀಸ: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಸಾತವಾಹನರ ಕಾಲದ ನಾಣ್ಯಗಳಲ್ಲಿ ಸೀಸದವೂ ಇವೆ. ಮರ ಮತ್ತು ರಟ್ಟಿನಿಂದ ಹೊರಡುವ ಆಮ್ಲದ ಆವಿಯಿಂದ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ಈ ಪುಡಿ ವಿಷಕಾರಿ. ಇದನ್ನು ಊದಬಾರದು, ಮುಟ್ಟಿದ ನಂತರ ಕೈ ತೊಳೆಯತಕ್ಕದ್ದು.

2. ಉಳಿಸಬೇಕಾದ ಪೊರೆ, ತಡೆಯಬೇಕಾದ ರೋಗ

ಬಣ್ಣಗಟ್ಟಿದ ನಾಣ್ಯವೆಲ್ಲ ಕೆಟ್ಟ ನಾಣ್ಯವಲ್ಲ. ಗಟ್ಟಿಯಾಗಿ, ಸಮನಾಗಿ ಅಂಟಿಕೊಂಡಿರುವ ಪೊರೆಯು ಕೆಳಗಿನ ಲೋಹಕ್ಕೆ ರಕ್ಷಣೆ ನೀಡುತ್ತದೆ. ಆ ಪೊರೆಯು ಲೋಹದಿಂದಲೇ ಆದದ್ದು. ಅದನ್ನು ತೆಗೆದರೆ ನಾಣ್ಯದ ಮೇಲ್ಮೈಯೇ ಹೋಗುತ್ತದೆ. ಅಕ್ಷರದ ಅಂಚು, ಟಂಕಸಾಲೆಯ ಗುರುತು, ವರ್ಷದ ಅಂಕಿ ಇವೆಲ್ಲವೂ ಇರುವುದು ಆ ಮೇಲ್ಮೈಯಲ್ಲಿಯೇ.

ಆದರೆ ತಾಮ್ರ ಮತ್ತು ಕಂಚಿನ ನಾಣ್ಯಗಳಲ್ಲಿ ಕಾಣುವ, ‘ಕಂಚಿನ ರೋಗ’ ಎಂದು ಕರೆಯಲಾಗುವ ಸ್ಥಿತಿಯನ್ನು ಕಡೆಗಣಿಸಬಾರದು. ಮಣ್ಣಿನಿಂದ ಅಥವಾ ಬೆವರಿನಿಂದ ಲೋಹದೊಳಗೆ ಸೇರಿದ ಕ್ಲೋರೈಡ್ ಲವಣವು ತೇವಾಂಶ ಮತ್ತು ಗಾಳಿ ಸಿಕ್ಕಾಗ ಆಮ್ಲವನ್ನು ಉಂಟುಮಾಡುತ್ತದೆ. ಆ ಆಮ್ಲವು ಹೊಸ ಲೋಹವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಹೀಗೆ ಈ ಕ್ರಿಯೆ ತಾನಾಗಿ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಗಾಳಿ ತೇವದಿಂದ ತುಂಬಿರುವ ಕೊಡಗಿನಲ್ಲಿ ಇದರ ಅಪಾಯ ಹೆಚ್ಚು.

ಇವೆರಡರ ವ್ಯತ್ಯಾಸವನ್ನು ಹೀಗೆ ಗುರುತಿಸಬಹುದು: ಹಳೆಯ ಕಿಲುಬು ಗಾಢ ಬಣ್ಣದ್ದಾಗಿದ್ದು, ಗಟ್ಟಿಯಾಗಿರುತ್ತದೆ. ರೋಗದ ಕಲೆ ತಿಳಿ ಹಸಿರಾಗಿ, ಪುಡಿಪುಡಿಯಾಗಿ ಚುಕ್ಕೆಗಳಂತೆ ಕಾಣುತ್ತದೆ. ಒರೆಸಿದರೂ ಕೆಲವು ದಿನಗಳಲ್ಲಿ ಮರಳಿ ಏಳುತ್ತದೆ. ಇಂತಹ ನಾಣ್ಯವನ್ನು ಕೂಡಲೇ ಇತರ ನಾಣ್ಯಗಳಿಂದ ಬೇರ್ಪಡಿಸಿ, ಸಿಲಿಕಾ ಜೆಲ್ ಪೊಟ್ಟಣವಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣಗಿಸಿ ಇಟ್ಟು, ತಜ್ಞರ ಸಲಹೆ ಪಡೆಯತಕ್ಕದ್ದು.

3. ಮಾಡಬಾರದ ಕ್ರಮಗಳು

(ಅ) ಹುಣಸೆಹಣ್ಣು, ನಿಂಬೆರಸ ಅಥವಾ ಕಾಚಂಪುಳಿಯಲ್ಲಿ ನೆನೆಸುವುದು. ಅಡಿಗೆಗೆ ಬಳಸುವ ಈ ಹುಳಿಗಳು ಕಿಲುಬಿನೊಂದಿಗೆ ತಾಮ್ರವನ್ನೂ ಕರಗಿಸಿ, ನಾಣ್ಯವನ್ನು ಅಸಹಜವಾದ ಗುಲಾಬಿ ಬಣ್ಣಕ್ಕೆ ತರುತ್ತವೆ.
(ಆ) ಬೂದಿ, ವಿಭೂತಿ, ಹಲ್ಲುಜ್ಜುವ ಪೇಸ್ಟ್, ಪಾತ್ರೆ ತೊಳೆಯುವ ಪುಡಿ ಅಥವಾ ತಂತಿ ಬ್ರಷ್‌ನಿಂದ ಉಜ್ಜುವುದು. ಇದರಿಂದಾಗುವ ಸೂಕ್ಷ್ಮ ಗೀರುಗಳನ್ನು ಸರಿಪಡಿಸಲಾಗದು.
(ಇ) ಬೆಳ್ಳಿ ಸಾಮಾನುಗಳಿಗೆಂದು ಮಾರುವ ದ್ರಾವಣದಲ್ಲಿ ಅದ್ದುವುದು. ಪದೇ ಪದೇ ಅದ್ದಿದ ಬೆಳ್ಳಿಯು ಟಂಕಸಾಲೆಯಿಂದ ಬಂದ ಸಹಜ ಹೊಳಪನ್ನು ಕಳೆದುಕೊಂಡು ಮಂಕಾಗುತ್ತದೆ.
(ಈ) ಅಲ್ಯೂಮಿನಿಯಂ ಹಾಳೆ ಮತ್ತು ಸೋಡಾ ಸೇರಿಸಿದ ಬಿಸಿನೀರಿನಲ್ಲಿ ಕುದಿಸುವುದು. ಇದು ಮನೆಯ ಬೆಳ್ಳಿ ಪಾತ್ರೆಗೆ ಸರಿಯೇ ಹೊರತು ಸಂಗ್ರಹಯೋಗ್ಯ ನಾಣ್ಯಕ್ಕಲ್ಲ.
(ಉ) ಪತ್ತಾಕ್‌ನಂತಹ ಆಭರಣಗಳಲ್ಲಿ ಕೂರಿಸಿದ ಪವನನ್ನು ಇತರ ಒಡವೆಗಳೊಂದಿಗೆ ಪಾಲಿಶ್‌ಗೆ ಕೊಡುವುದು. ನಾಣ್ಯದ ಮುಖವನ್ನು ಪಾಲಿಶ್ ಮಾಡದಂತೆ ಅಕ್ಕಸಾಲಿಗರಿಗೆ ಮೊದಲೇ ತಿಳಿಸತಕ್ಕದ್ದು.

ಅಂತರರಾಷ್ಟ್ರೀಯ ಶ್ರೇಣೀಕರಣ ಸಂಸ್ಥೆಗಳು ಉಜ್ಜಿ ಸ್ವಚ್ಛಗೊಳಿಸಿದ ನಾಣ್ಯಗಳಿಗೆ ಸಾಮಾನ್ಯ ಅಂಕ ಶ್ರೇಣಿ ನೀಡುವುದಿಲ್ಲ. ಅಂತೆಯೇ, ಗಂಧಕ ಅಥವಾ ಶಾಖದಿಂದ ಕೃತಕವಾಗಿ ಬಣ್ಣ ಬರಿಸಿದ ನಾಣ್ಯಗಳೂ ಮಾರಾಟವಾಗುತ್ತವೆ; ಬಣ್ಣದ ಆಕರ್ಷಣೆಗಾಗಿಯೇ ಹೆಚ್ಚಿನ ಬೆಲೆ ಕೊಡುವವರು ಎಚ್ಚರ ವಹಿಸಬೇಕು.

1837ರ ಕೊಡಗಿನ ದಂಗೆಯ ನಂತರ ಈಸ್ಟ್ ಇಂಡಿಯಾ ಕಂಪೆನಿಯು ಚಿನ್ನ ಮತ್ತು ಬೆಳ್ಳಿಯಲ್ಲಿ ನೀಡಿದ ಪದಕಗಳಂತಹ ವಸ್ತುಗಳಿಗೂ ಮೇಲಿನ ಎಚ್ಚರಿಕೆ ಅನ್ವಯಿಸುತ್ತದೆ.

4. ಮನೆಯಲ್ಲಿ ಅನುಸರಿಸಬಹುದಾದ ಕ್ರಮ

ವಂಶಪಾರಂಪರ್ಯವಾಗಿ ಬಂದ, ಗಟ್ಟಿಮುಟ್ಟಾದ ಚಿನ್ನ ಅಥವಾ ಬೆಳ್ಳಿಯ ನಾಣ್ಯದ ಮೇಲೆ ಸಡಿಲ ಧೂಳು ಇದ್ದಲ್ಲಿ, ಬಟ್ಟಿ ಇಳಿಸಿದ ನೀರಿನಲ್ಲಿ ಕೆಲಕಾಲ ಇಟ್ಟು, ಉಜ್ಜದೆ, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಬಹುದು. ಪಿವಿಸಿ ಆಲ್ಬಂನಲ್ಲಿಟ್ಟ ನಾಣ್ಯಕ್ಕೆ ಹಸಿರು ಅಂಟು ಹತ್ತಿದ್ದಲ್ಲಿ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಬಹುದು. ಅಸಿಟೋನ್ ಬೇಗನೆ ಬೆಂಕಿ ಹತ್ತುವ ದ್ರವವಾದ್ದರಿಂದ ಗಾಜಿನ ಪಾತ್ರೆಯಲ್ಲಿ, ಗಾಳಿಯಾಡುವ ಸ್ಥಳದಲ್ಲಿ, ಒಲೆ ಮತ್ತು ದೀಪದಿಂದ ದೂರವಿದ್ದು ಬಳಸಬೇಕು. ಇದಕ್ಕಿಂತ ಮುಂದಿನ ಕೆಲಸವನ್ನು ತಜ್ಞರಿಗೆ ಬಿಡುವುದು ಸೂಕ್ತ.

5. ಶೇಖರಣೆ

ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಮರದ ಪೆಟ್ಟಿಗೆ, ವೃತ್ತಪತ್ರಿಕೆ, ರಬ್ಬರ್ ಬ್ಯಾಂಡ್, ಉಣ್ಣೆಬಟ್ಟೆ ಮತ್ತು ಪಿವಿಸಿ ಹಾಳೆಗಳನ್ನು ಬಳಸಬಾರದು. ಆಮ್ಲರಹಿತ ಕಾಗದದ ಲಕೋಟೆ ಅಥವಾ ಪಾಲಿಯೆಸ್ಟರ್ ಪೊರೆಯಲ್ಲಿ ಒಂದೊಂದನ್ನೇ ಬೇರೆಯಾಗಿ ಇಟ್ಟು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಿಸಬೇಕು. ಮಳೆಗಾಲದಲ್ಲಿ ಜೆಲ್ಲನ್ನು ಆಗಾಗ್ಗೆ ಬಿಸಿಮಾಡಿ ಒಣಗಿಸಿ ಮತ್ತೆ ಇಡುವುದು ಅಗತ್ಯ.

6. ಮಣ್ಣಿನಲ್ಲಿ ಅಥವಾ ಗೋಡೆಯಲ್ಲಿ ದೊರೆತ ನಾಣ್ಯಗಳು

ಈ ನಾಣ್ಯಗಳನ್ನು ಯಾವ ಕಾರಣಕ್ಕೂ ತೊಳೆಯಬಾರದು, ಅಂಟಿಕೊಂಡಿದ್ದಲ್ಲಿ ಬಿಡಿಸಬಾರದು. ಮಡಕೆಯ ಚೂರು, ಬಟ್ಟೆಯ ಅಚ್ಚು, ನಾಣ್ಯಗಳು ಇದ್ದ ಕ್ರಮ ಇವು ನಿಧಿ ಹೂತ ಕಾಲವನ್ನು ತಿಳಿಸುವ ಸಾಕ್ಷ್ಯಗಳು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ, ಮಣ್ಣಿನ ಪದರಗಳ ಕಾಲನಿರ್ಣಯಕ್ಕೆ ಅಲ್ಲಿ ದೊರೆತ ನಾಣ್ಯಗಳು ನೆರವಾದವು. ಯಾವ ಪದರದಲ್ಲಿ ದೊರೆಯಿತೆಂದು ತಿಳಿಯದ, ಉಜ್ಜಿ ಹೊಳಪಿಸಿದ ನಾಣ್ಯದಿಂದ ಇಂತಹ ನೆರವು ದೊರೆಯಲಾರದು.

ಇಂತಹ ನಾಣ್ಯಗಳಿಗೆ ಕರ್ನಾಟಕ ನಿಧಿ ಅಧಿನಿಯಮ, 1962 ಅನ್ವಯಿಸುತ್ತದೆ. ನಿಧಿ ದೊರೆತವರು ಜಿಲ್ಲಾಧಿಕಾರಿಯವರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಮುಚ್ಚಿಡುವುದು ಶಿಕ್ಷಾರ್ಹ. ಮನೆಯಲ್ಲಿ ವಂಶಪಾರಂಪರ್ಯವಾಗಿ ಬಳಕೆಯಲ್ಲಿದ್ದ ನಾಣ್ಯಗಳು ನಿಧಿಯಲ್ಲ.

7. ಮಾರಾಟ ಮತ್ತು ವಿದೇಶಕ್ಕೆ ಒಯ್ಯುವಿಕೆ

ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮ, 1972ರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವು ಪ್ರಾಚ್ಯವಸ್ತು. ಇದನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಕಳುಹಿಸುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಕಾರಾಗೃಹವಾಸ ಮತ್ತು ದಂಡವಿದೆ. ಹೊರದೇಶದಲ್ಲಿ ನೆಲೆಸಿದ ಬಂಧುಗಳಿಗೆ ಹಳೆಯ ನಾಣ್ಯವನ್ನು ನೆನಪಿನ ಕಾಣಿಕೆಯಾಗಿ ಕಳುಹಿಸುವವರು ಇದನ್ನು ಗಮನಿಸುವುದು. ಪ್ರಾಚ್ಯವಸ್ತುಗಳ ವ್ಯಾಪಾರ ನಡೆಸಲು ಪರವಾನಗಿ ಕಡ್ಡಾಯ.

8. ಸೂಚನಾ ಪತ್ರ ಅಥವಾ ಅರ್ಜಿಯಲ್ಲಿ ಇರಬೇಕಾದ ವಿವರಗಳು

(ಅ) ನಾಣ್ಯ ದೊರೆತ ದಿನಾಂಕ, ಗ್ರಾಮ ಮತ್ತು ಸರ್ವೆ ನಂಬರು. ಹಿಂದೆ ವಿರಾಜಪೇಟೆ ತಾಲ್ಲೂಕಿನಲ್ಲಿದ್ದ ತಿತಿಮತಿಯು ಈಗ ಪೊನ್ನಂಪೇಟೆ ತಾಲ್ಲೂಕಿನಲ್ಲಿರುವುದರಿಂದ ಹಳೆಯ ದಾಖಲೆ ಲಗತ್ತಿಸುವವರು ಎರಡನ್ನೂ ನಮೂದಿಸುವುದು.
(ಆ) ನಾಣ್ಯಗಳ ಸಂಖ್ಯೆ, ಲೋಹ ಹಾಗೂ ಅಂದಾಜು ಮೌಲ್ಯ.
(ಇ) ಯಾವ ಆಳದಲ್ಲಿ, ಯಾವ ಪಾತ್ರೆಯಲ್ಲಿ, ಯಾವ ಸ್ಥಿತಿಯಲ್ಲಿ ದೊರೆತವು ಎಂಬುದು.
(ಈ) ತೊಳೆಯುವ ಮೊದಲಿನ ಸ್ಥಿತಿಯಲ್ಲಿ ತೆಗೆದ, ಅಳತೆಪಟ್ಟಿಯೊಂದಿಗಿನ ಎರಡೂ ಮುಖಗಳ ಛಾಯಾಚಿತ್ರ.
(ಉ) ಈಗಾಗಲೇ ತೊಳೆದಿದ್ದಲ್ಲಿ, ಯಾವ ವಸ್ತುವಿನಿಂದ ತೊಳೆಯಲಾಯಿತು ಎಂಬುದು. ಇದನ್ನು ಮರೆಮಾಚಬಾರದು, ಮುಂದಿನ ಸಂರಕ್ಷಣೆಗೆ ಈ ಮಾಹಿತಿ ಅತ್ಯಗತ್ಯ.

ಲೋಹದ ವಸ್ತುಗಳ ವೈಜ್ಞಾನಿಕ ಸಂರಕ್ಷಣೆಯಲ್ಲಿ ಪರಿಣತಿಯುಳ್ಳ, ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವು ಮೈಸೂರಿನಲ್ಲಿದೆ. ಮಡಿಕೇರಿ ಕೋಟೆಯ ಆವರಣದ ಹಳೆಯ ಚರ್ಚ್ ಕಟ್ಟಡದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ.

ಬಣ್ಣಗಟ್ಟಿದ ನಾಣ್ಯವನ್ನು ಮುಂದೆಂದಾದರೂ ಸ್ವಚ್ಛಗೊಳಿಸಬಹುದು. ಉಜ್ಜಿದ ನಾಣ್ಯವನ್ನು ಮೊದಲಿನಂತೆ ಮಾಡಲಾಗದು. ಸಂದೇಹವಿದ್ದಲ್ಲಿ ನಾಣ್ಯವನ್ನು ಇದ್ದಂತೆಯೇ ಒಣಗಿದ ಡಬ್ಬಿಯಲ್ಲಿ ಇರಿಸಿ ಸಲಹೆ ಪಡೆಯುವುದು.