ಲಖನೌದ ಹುಡುಗ ಮತ್ತು ನೀಲಿ ಪೆಟ್ಟಿಗೆ

ಘೋಟಿಯಲ್ಲಿ ಮಳೆಗಾಲವೆಂದರೆ ಮನೆಯೊಳಗೆ ಕುಳಿತು ಕಳೆಯುವ ಕಾಲ. ಕಳಸೂಬಾಯಿಯ ಕಡೆಯಿಂದ ಮೋಡಗಳು ಇಳಿಯತೊಡಗಿದರೆ ಅಕ್ಕಿ ಗಿರಣಿಗಳ ಸದ್ದನ್ನೂ ಮುಂಬಯಿ–ಆಗ್ರಾ ಹೆದ್ದಾರಿಯ ಲಾರಿಗಳ ಸದ್ದನ್ನೂ ಮಳೆಯೇ ನುಂಗಿಬಿಡುತ್ತದೆ. ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ಈ ಊರಿಗೆ ತಂದು ನಿಲ್ಲಿಸಿದ ಮೇಲೆ, ಅಂತಹ ಸಂಜೆಗಳಲ್ಲಿ ಮಕ್ಕಳ ಜೊತೆ ಕುಳಿತು ಬಿಬಿಸಿಯ ‘ಡಾಕ್ಟರ್ ಹೂ’ ನೋಡುವ ಅಭ್ಯಾಸವಾಯಿತು. ಈ ಸಲ ಹಗುರವಾದುದೇನನ್ನಾದರೂ ಬರೆಯಿರೆಂದು ಬಳಗದ ಗೆಳೆಯರು ಕೇಳಿದಾಗ, ಅದರ ಸುತ್ತಲಿನ ಸ್ವಾರಸ್ಯಗಳನ್ನೇ ಬರೆಯೋಣವೆಂದು ಹೊರಟೆವು. ಬರೆಯುತ್ತ ಹೋದಂತೆ ವಿಷಯ ಅಷ್ಟೇನೂ ಹಗುರವಾಗಿ ಉಳಿಯಲಿಲ್ಲ.

ನೋಡದವರಿಗಾಗಿ ಎರಡು ಮಾತು. ಡಾಕ್ಟರ್ ಎಂಬ ಅನ್ಯಲೋಕದ ಜೀವಿಯೊಬ್ಬ ಲಂಡನ್ನಿನ ಹಳೆಯ ಪೊಲೀಸ್ ಪೆಟ್ಟಿಗೆಯ ರೂಪದ ನೀಲಿ ಯಂತ್ರದಲ್ಲಿ ಕುಳಿತು ಕಾಲ, ದೇಶ ಎರಡನ್ನೂ ದಾಟಿ ಅಲೆಯುತ್ತಾನೆ. ಪೆಟ್ಟಿಗೆ ಹೊರಗಿನಿಂದ ಒಬ್ಬಿಬ್ಬರು ನಿಲ್ಲುವಷ್ಟು, ಒಳಗೆ ಹೊಕ್ಕರೆ ಅರಮನೆಯಷ್ಟು. ಮೊದಲ ಕಂತು ಬಿತ್ತರಗೊಂಡದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಅಂಥ ಹೊತ್ತಿನಲ್ಲಿ ಮಕ್ಕಳ ಧಾರಾವಾಹಿಗೆ ಗಮನ ಕೊಡುವವರಾರು? ಮುಂದಿನ ವಾರ ಎರಡನೆಯ ಕಂತಿಗೆ ಮುಂಚೆ ಮೊದಲನೆಯದನ್ನು ಮತ್ತೊಮ್ಮೆ ತೋರಿಸಬೇಕಾಯಿತು.

1966ರಲ್ಲಿ ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತು. ಕಥೆ ನಿಲ್ಲಿಸುವ ಬದಲು ಡಾಕ್ಟರನ ದೇಹವೇ ಮಾರ್ಪಟ್ಟಿತೆಂದು ಹೇಳಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ಆ ಪಾತ್ರಕ್ಕೆ ತಂದರು. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಒಂದೇ ಪಾತ್ರವನ್ನು ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು ನಿರ್ವಹಿಸುವುದನ್ನು ಕಂಡ ನಮಗೆ ಇದೇನೂ ಹೊಸತಲ್ಲ. ಇಂಗ್ಲೆಂಡಿನವರಿಗೆ ಮಾತ್ರ ಅದಕ್ಕೊಂದು ವೈಜ್ಞಾನಿಕ ಕಾರಣ ಬೇಕಾಯಿತು. ಈ ಉಪಾಯದ ಬಲದಿಂದಲೇ ಧಾರಾವಾಹಿ, 1989ರಿಂದ 2005ರವರೆಗಿನ ದೀರ್ಘ ವಿರಾಮವನ್ನೂ ದಾಟಿ, ಮುಂದುವರಿದಿದೆ.

ಯಂತ್ರ ಹೊರಡುವಾಗ ಕೇಳಿಬರುವ ಆ ನರಳುವ ಸದ್ದನ್ನು ಬ್ರಯನ್ ಹಾಜ್‌ಸನ್ ಎಂಬ ತಂತ್ರಜ್ಞರು ತಮ್ಮ ತಾಯಿಯ ಮನೆಯ ಬೀಗದಕೈಯಿಂದ ಹಳೆಯ ಪಿಯಾನೋದ ತಂತಿಗಳನ್ನು ಉಜ್ಜಿ ಹುಟ್ಟಿಸಿದರು. ಶೀರ್ಷಿಕೆ ಸಂಗೀತ ರಾನ್ ಗ್ರೈನರ್ ಅವರದು. ಅದನ್ನು ಟೇಪಿನ ತುಣುಕುಗಳನ್ನು ಕತ್ತರಿಸಿ ಅಂಟಿಸಿ ನಾದಕ್ಕಿಳಿಸಿದವರು ಡೀಲಿಯಾ ಡರ್ಬಿಶೈರ್. ಆಕೆಗೂ ಮನ್ನಣೆ ಸಲ್ಲಲಿ ಎಂದು ಗ್ರೈನರ್ ಅವರೇ ಕೇಳಿದರೂ ಸಂಸ್ಥೆಯ ನಿಯಮ ಒಪ್ಪಲಿಲ್ಲ. ಧಾರಾವಾಹಿಯ ತೆರೆಯ ಮೇಲೆ ಆಕೆಯ ಹೆಸರು ಮೂಡಿದ್ದು 2013ರಲ್ಲಿ, ಆಕೆ ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ.

ನಮಗೆ ಇವೆಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಮೊದಲ ಕಥೆಯ ನಿರ್ದೇಶಕರ ಹೆಸರು: ವಾರಿಸ್ ಹುಸೇನ್. 1938ರಲ್ಲಿ ಲಖನೌದಲ್ಲಿ ಜನನ, ಬಾಲ್ಯದಲ್ಲೇ ಇಂಗ್ಲೆಂಡಿಗೆ ಪಯಣ, ಕೇಂಬ್ರಿಜ್‌ನಲ್ಲಿ ವಿದ್ಯಾಭ್ಯಾಸ. ತಾಯಿ ಅತ್ತಿಯಾ ಹುಸೇನ್, ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಂ’ ಕಾದಂಬರಿಯ ಲೇಖಕಿ. ಎಂ.ಎ. ತರಗತಿಯ ಕಾಲದಿಂದಲೂ ನಾವು ತಾಯಿಯನ್ನು ಬಲ್ಲೆವು, ಮಗನನ್ನು ಅರಿಯೆವು. ‘ಡಾಕ್ಟರ್ ಹೂ’ ಕೈಗೆತ್ತಿಕೊಂಡಾಗ ಅವರ ವಯಸ್ಸು ಇಪ್ಪತ್ತನಾಲ್ಕು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ ಇಪ್ಪತ್ತೇಳು. ಬಿಬಿಸಿಯ ನಾಟಕ ವಿಭಾಗದಲ್ಲಿ ಆಗ ಆಕೆ ಒಬ್ಬರೇ ಮಹಿಳಾ ನಿರ್ಮಾಪಕಿ. ಒಬ್ಬ ಭಾರತೀಯ ತರುಣ, ಒಬ್ಬ ಯುವತಿ. ಇವರಿಗೆ ಒದಗಿದ್ದು ಲೈಮ್ ಗ್ರೋವ್ ಎಂಬಲ್ಲಿಯ ಇಕ್ಕಟ್ಟಾದ, ಬಿಸಿ ತಡೆಯಲಾರದ ಹಳೆಯ ಸ್ಟುಡಿಯೋ. ಅವರು ಸಿದ್ಧಪಡಿಸಿದ ಮೊದಲ ಕಂತನ್ನು ವಿಭಾಗದ ಮುಖ್ಯಸ್ಥ, ಕೆನಡಾದ ಸಿಡ್ನಿ ನ್ಯೂಮನ್, ಒಪ್ಪದೆ ಮತ್ತೆ ಪೂರ್ತಿ ಚಿತ್ರೀಕರಿಸಲು ಹೇಳಿದರು. ನೌಕರಿಯಿಂದ ತೆಗೆದುಹಾಕಲಿಲ್ಲ ಎಂಬುದೇ ವಿಶೇಷ.

ಇಲ್ಲೊಂದು ಕನ್ನಡ ನಾಡಿನ ಎಳೆಯೂ ಸೇರುತ್ತದೆ. 1965ರಲ್ಲಿ ವಾರಿಸ್ ಅವರು ಬಿಬಿಸಿಗಾಗಿ ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನು ನಿರ್ದೇಶಿಸಿದರು. ಆ ಕಾದಂಬರಿಯನ್ನು ರಂಗಕ್ಕೆ ಅಳವಡಿಸಿದವರು ಸಾಂತಾ ರಾಮರಾವ್, ಮಂಗಳೂರು ಮೂಲದ ಬೆನಗಲ್ ಮನೆತನದವರು, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾಯರ ಮಗಳು. ಅದರಲ್ಲಿ ನಟಿಸಿದ ಜೊಹ್ರಾ ಸೆಹಗಲ್ ಅದೇ ವರ್ಷ ‘ಡಾಕ್ಟರ್ ಹೂ’ವಿನ ‘ದ ಕ್ರುಸೇಡ್’ ಕಥೆಯಲ್ಲಿಯೂ ಕಾಣಿಸಿಕೊಂಡರು. ಆ ಕಥೆಯ ನಾಲ್ಕು ಕಂತುಗಳಲ್ಲಿ ಎರಡು ಇಂದು ಇಲ್ಲ.

ಇಲ್ಲವೆಂದರೆ ಅಳಿಸಲ್ಪಟ್ಟಿವೆ. ಎರಡು ಇಂಚು ಅಗಲದ ವಿಡಿಯೋ ಟೇಪು ಆಗ ದುಬಾರಿ. ಪ್ರಸಾರವಾದ ಮೇಲೆ ಅದನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ವಿದೇಶಗಳಿಗೆ ಮಾರಲೆಂದು ತೆಗೆದ ಫಿಲ್ಮ್ ಪ್ರತಿಗಳೂ ಅವಧಿ ಮುಗಿದ ಬಳಿಕ ಕಸವಾದವು. ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಹೀಗೆ ಹೋದವು. ಕೆಲವು ಅನಿರೀಕ್ಷಿತ ಸ್ಥಳಗಳಿಂದ ಮರಳಿದವು: ಒಂದು ಇಡೀ ಕಥೆ ಹಾಂಗ್‌ಕಾಂಗ್‌ನಲ್ಲಿ ದೊರೆಯಿತು, ಒಂಬತ್ತು ಕಂತುಗಳು ನೈಜೀರಿಯದ ಜೋಸ್ ನಗರದಲ್ಲಿ ಸಿಕ್ಕ ಸುದ್ದಿ 2013ರಲ್ಲಿ ಹೊರಬಿತ್ತು.

ಅಳಿಸಿದವರನ್ನು ಬಯ್ಯುವುದು ಸುಲಭ. ನಮಗೆ ಮಾತ್ರ ನಾಲಿಗೆ ಏಳುವುದಿಲ್ಲ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಎ ಮತ್ತು ಬಿ ವರ್ಗದ ಕಡತಗಳು ಶಾಶ್ವತ. ಸಿ ವರ್ಗದವು ಕೆಲವು ವರ್ಷ ಉಳಿದು ನಾಶದ ಪಟ್ಟಿ ಸೇರುತ್ತವೆ. ಅಂಥ ಪಟ್ಟಿಗಳಿಗೆ ನಾವೂ ಸಹಿ ಹಾಕಿದ್ದೇವೆ, ಪ್ರತಿಯೊಂದು ಕಡತವನ್ನೂ ತೆರೆದು ನೋಡಿಯೇ ಹಾಕಿದೆವೆಂದು ಹೇಳಲಾರೆವು. ಲಂಡನ್ನಿನ ಆ ಗುಮಾಸ್ತನಿಗೂ ಕಪಾಟಿನಲ್ಲಿ ಜಾಗ ಬೇಕಿತ್ತು, ಅಷ್ಟೆ.

ಘೋಟಿಯಿಂದ ಒಂದು ರಸ್ತೆ ತ್ರ್ಯಂಬಕೇಶ್ವರಕ್ಕೆ ಹೋಗುತ್ತದೆ. ಅದು 1870ರಲ್ಲಿ ದಾದಾಸಾಹೇಬ್ ಫಾಲ್ಕೆಯವರು ಹುಟ್ಟಿದ ಊರು. ಸಿನಿಮಾಕ್ಕೆ ಬರುವ ಮುನ್ನ ಅವರೂ ಕೆಲಕಾಲ ಪುರಾತತ್ತ್ವ ಇಲಾಖೆಯ ನೌಕರರಾಗಿದ್ದವರು, ನಮ್ಮ ಬಂಧುವೇ ಎನ್ನೋಣ. ಅವರ ‘ರಾಜಾ ಹರಿಶ್ಚಂದ್ರ’ದ ನಾಲ್ಕು ರೀಲುಗಳಲ್ಲಿ ಮೊದಲನೆಯದೂ ಕೊನೆಯದೂ ಮಾತ್ರ ಉಳಿದಿವೆ, ಉಳಿದವಾದರೂ 1913ರ ಮೂಲ ಚಿತ್ರದವೋ 1917ರಲ್ಲಿ ಮತ್ತೆ ತೆಗೆದದ್ದರವೋ ಎಂದು ವಿದ್ವಾಂಸರಲ್ಲಿ ವಾದವಿದೆ. ಕನ್ನಡದ ಪಾಡು ಇನ್ನೂ ಕಠಿಣ. 1934ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ವೈ.ವಿ. ರಾವ್ ಅವರ ನಿರ್ದೇಶನ, ಸುಬ್ಬಯ್ಯ ನಾಯ್ಡು ಅವರ ಅಭಿನಯ. ಹೊರನಾಡಿನಲ್ಲಿ ರೂಪ ತಳೆದ ಆ ಚಿತ್ರದ ಒಂದು ಪ್ರತಿಯೂ ಇಂದು ಇಲ್ಲ. ಬೆಳ್ಳಿತೆರೆಯಲ್ಲಿ ಕನ್ನಡ ಮೊದಲು ಹೇಗೆ ಮಾತಾಡಿತೆಂದು ನಾವಾರೂ ಕೇಳಲಾರೆವು.

‘ಡಾಕ್ಟರ್ ಹೂ’ವಿನ ಅದೃಷ್ಟ ಇಲ್ಲಿ ಬೇರೆಯಾಗುತ್ತದೆ. ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಉಳಿಸಿದ್ದು ಸಂಸ್ಥೆಯಲ್ಲ, ಮನೆಯಲ್ಲಿ ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಅಭಿಮಾನಿಗಳು. ಅವರಲ್ಲಿ ಕೆಲವರು ಶಾಲಾಬಾಲಕರು. ನಮ್ಮ ಮನೆಯಲ್ಲಿ ನಡೆದದ್ದು ಇದರ ವಿಪರೀತ. ಅಜ್ಜಿಯ ಸೋಬಾನೆ ಹಾಡುಗಳನ್ನು ಸೋದರಮಾವ ಒಂದು ಕ್ಯಾಸೆಟ್ಟಿನಲ್ಲಿ ಮುದ್ರಿಸಿಟ್ಟಿದ್ದರು. ಹೈಸ್ಕೂಲಿನಲ್ಲಿದ್ದಾಗ ನಾವು ಅದರ ಮೇಲೆಯೇ ಸಿನಿಮಾ ಹಾಡುಗಳನ್ನು ತುಂಬಿಸಿದೆವು. ಎರಡು ಹಾಡುಗಳ ನಡುವಿನ ಖಾಲಿಯಲ್ಲಿ ಒಮ್ಮೆ ಮಾತ್ರ ಅಜ್ಜಿ ಕೆಮ್ಮುವುದು ಕೇಳಿಸುತ್ತಿತ್ತು. ಆ ಕ್ಯಾಸೆಟ್ಟೂ ಈಗ ಎಲ್ಲಿದೆಯೋ.

ವಾರಿಸ್ ಹುಸೇನ್ ಅವರು ನಿರ್ದೇಶಿಸಿದ ಎರಡನೆಯ ಕಥೆ ‘ಮಾರ್ಕೊ ಪೋಲೊ’, 1964ರದು. ಕುಬ್ಲಾಯ್ ಖಾನನ ಆಸ್ಥಾನದವರೆಗೆ ಸಾಗುವ ಏಳು ಕಂತುಗಳ ದೀರ್ಘ ಪಯಣ. ಏಳೂ ಅಳಿದುಹೋಗಿವೆ. ಆದರೆ ಆ ದಿನಗಳಲ್ಲಿ ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಪ್ರಸಾರದ ಹೊತ್ತಿಗೆ ಟಿ.ವಿ. ಪರದೆಯ ಚಿತ್ರಗಳನ್ನು ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದರು. ವಾರಿಸ್ ಅವರೂ ಕೊಂಡು ಇಟ್ಟುಕೊಂಡಿದ್ದರು. ದಶಕಗಳ ನಂತರ ಅವರ ಸಂಗ್ರಹದಿಂದ ಆರು ಕಂತುಗಳ ಚಿತ್ರಗಳು ಹೊರಬಂದವು. ನಾಲ್ಕನೆಯ ಕಂತಿನದು ಮಾತ್ರ ಅದರಲ್ಲಿ ಇರಲಿಲ್ಲ. ಆ ವಾರ ನಿರ್ದೇಶಿಸಿದವರು ಬೇರೊಬ್ಬರು.