ಸಾರ್ವಜನಿಕ ತುರ್ತು ಎಚ್ಚರಿಕೆಗಳು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು

ಮಳೆ, ನೆರೆ, ಭೂಕುಸಿತ, ಸಿಡಿಲು, ರೋಗ, ವನ್ಯಪ್ರಾಣಿ ದಾಳಿಯಂಥ ಅಪಾಯಗಳ ಬಗ್ಗೆ ಸರ್ಕಾರಿ ಸಂಸ್ಥೆಗಳು ಜನರಿಗೆ ಕೊಡುವ ಅಧಿಕೃತ ತಿಳಿವಳಿಕೆಯೇ ಸಾರ್ವಜನಿಕ ತುರ್ತು ಎಚ್ಚರಿಕೆ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಈ ಮೂರು ತಾಲ್ಲೂಕುಗಳಿಗೆ ಇಂಥ ಎಚ್ಚರಿಕೆಗಳು ಒಂದೇ ಕಡೆಯಿಂದ ಬರುವುದಿಲ್ಲ. ಮಳೆಯದ್ದು ಭಾರತೀಯ ಹವಾಮಾನ ಇಲಾಖೆಯಿಂದ, ರಜೆಯದ್ದು ಜಿಲ್ಲಾಧಿಕಾರಿ ಕಚೇರಿಯಿಂದ, ಆನೆಯದ್ದು ಅರಣ್ಯ ಇಲಾಖೆಯಿಂದ, ಮಂಗನ ಕಾಯಿಲೆಯದ್ದು ಆರೋಗ್ಯ ಇಲಾಖೆಯಿಂದ ಬರುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಇವನ್ನೆಲ್ಲ ಜಿಲ್ಲೆಯ ಮಟ್ಟದಲ್ಲಿ ಕೂಡಿಸಬೇಕಾದ ಹೊಣೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು. ಒಂದೊಂದು ಎಚ್ಚರಿಕೆಯೂ ಎಷ್ಟು ಜಾಗಕ್ಕೆ, ಎಷ್ಟು ಹೊತ್ತಿಗೆ ಅನ್ವಯಿಸುತ್ತದೆ ಎಂಬುದು ಬೇರೆ ಬೇರೆ. ಅದನ್ನು ತಿಳಿಯದಿದ್ದರೆ ಮೊಬೈಲಿಗೆ ಬಂದ ಸಂದೇಶ ಓದಿಯೂ ಉಪಯೋಗವಾಗದು.

ಮಳೆಯ ಬಣ್ಣಗಳು

ಹೆಚ್ಚು ಬಳಕೆಯಲ್ಲಿರುವುದು ಹವಾಮಾನ ಇಲಾಖೆಯ ನಾಲ್ಕು ಬಣ್ಣಗಳ ಪದ್ಧತಿ. ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಬಂದರೆ ಹವಾಮಾನದ ಮೇಲೆ ಕಣ್ಣಿಟ್ಟಿರಬೇಕು, ಕಿತ್ತಳೆ ಬಂದರೆ ಸಿದ್ಧವಾಗಿರಬೇಕು, ಕೆಂಪು ಬಂದರೆ ಸುರಕ್ಷತೆಯ ಕ್ರಮ ಕೈಗೊಳ್ಳಲೇಬೇಕು. ಜನ ಆಡುವ ಮಾತಿನಲ್ಲಿ ಇವು ಯೆಲ್ಲೋ, ಆರೆಂಜ್, ರೆಡ್ ಅಲರ್ಟ್. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಸುರಿದರೆ ಭಾರಿ ಮಳೆ; 115.6ರಿಂದ 204.4 ಮಿ.ಮೀ.ವರೆಗೆ ಅತಿ ಭಾರಿ ಮಳೆ; ಅದನ್ನೂ ಮೀರಿದರೆ ಅತ್ಯಂತ ಭಾರಿ ಮಳೆ. ಬಣ್ಣ ನಿರ್ಧಾರವಾಗುವುದು ಮಿಲಿಮೀಟರಿನ ಲೆಕ್ಕವೊಂದರಿಂದಲೇ ಅಲ್ಲ. ಆ ಮಳೆ ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಆಗುವ ಪರಿಣಾಮ ಎಂಥದ್ದು ಎಂಬುದನ್ನೂ ತೂಗಿ ನೋಡುತ್ತಾರೆ.

ಇಲಾಖೆಯ ಮಳೆ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮರುದಿನ ಬೆಳಿಗ್ಗೆ 8.30ಕ್ಕೆ. ಹಾಗಾಗಿ ಮಂಗಳವಾರದ ರೆಡ್ ಅಲರ್ಟ್ ಮಂಗಳವಾರ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬುಧವಾರ ಬೆಳಗಿನವರೆಗೂ ಇರುತ್ತದೆ. ಮಲೆನಾಡಿನ ಮಳೆಗೆ ರಾತ್ರಿಯ ಹೊತ್ತೇ ಭಯ ಹೆಚ್ಚು. ಆದ್ದರಿಂದ ದಿನಾಂಕ ಒಂದನ್ನೇ ನೋಡದೆ ಗಂಟೆಯನ್ನೂ ನೋಡಬೇಕು.

ಈ ಬಣ್ಣಗಳು ಇಡೀ ಜಿಲ್ಲೆಗೆ ಒಂದೇ ಎಂಬುದು ಇನ್ನೂ ದೊಡ್ಡ ತೊಡಕು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಬಯಲುಸೀಮೆಯ ಕಡೂರೂ ಇದೆ, ಘಟ್ಟದ ಅಂಚಿನ ಶೃಂಗೇರಿಯೂ ಇದೆ. ಶೃಂಗೇರಿಯ ವಾರ್ಷಿಕ ಮಳೆ ಕಡೂರಿನ ಐದು ಪಟ್ಟಿಗೂ ಹೆಚ್ಚು. ‘ಚಿಕ್ಕಮಗಳೂರು ಜಿಲ್ಲೆಗೆ ಆರೆಂಜ್ ಅಲರ್ಟ್’ ಎಂದು ಟಿ.ವಿ.ಯಲ್ಲಿ ಬಂದಾಗ ಕಡೂರಿನಲ್ಲಿ ಬಿಸಿಲಿರಬಹುದು, ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯಲ್ಲಿ ಹಗಲೇ ದೀಪ ಹಾಕಬೇಕಾದಷ್ಟು ಮೋಡ ಕವಿದಿರಬಹುದು. ಮೂರು ತಾಲ್ಲೂಕುಗಳೂ ಒಂದೇ ತೆರನಲ್ಲ. ಶೃಂಗೇರಿಗೂ ಕೊಪ್ಪಕ್ಕೂ ಬೀಳುವಷ್ಟು ಮಳೆ ನರಸಿಂಹರಾಜಪುರಕ್ಕೆ ಬೀಳುವುದಿಲ್ಲ.

64.5 ಮಿ.ಮೀ. ಎಂಬ ಗೆರೆ ದೇಶಕ್ಕೆಲ್ಲ ಸಮನಾದದ್ದು. ಜುಲೈ ತಿಂಗಳಲ್ಲಿ ಶೃಂಗೇರಿ ಕಡೆ ಅಷ್ಟು ಮಳೆ ಬಿದ್ದರೆ ಯಾರೂ ಕೆಲಸ ನಿಲ್ಲಿಸುವುದಿಲ್ಲ. ಕಿಗ್ಗಾದ ಋಷ್ಯಶೃಂಗೇಶ್ವರನಿಗೆ ಮಳೆ ಬರಲೆಂದೂ ಪೂಜೆ, ಹೊಯ್ಯುವ ಮಳೆ ನಿಲ್ಲಲೆಂದೂ ಪೂಜೆ ಸಲ್ಲಿಸುವ ನಾಡಿದು. ಇಲ್ಲಿ ಅಪಾಯ ತರುವುದು ಒಂದು ದಿನದ ಮಳೆಗಿಂತ ಹೆಚ್ಚಾಗಿ ಪುನರ್ವಸು, ಪುಷ್ಯ ಮಳೆಗಳಲ್ಲಿ ವಾರಗಟ್ಟಲೆ ಹಿಡಿದು ಹೊಯ್ಯುವ ಮಳೆ ಮತ್ತು ಅದರ ಜತೆಗೆ ಬೀಸುವ ಗಾಳಿ. ನೆನೆದು ನೆನೆದು ಬೇರು ಸಡಿಲಾದ ಮರಕ್ಕೆ, ನೀರು ಕುಡಿದು ಭಾರವಾದ ಧರೆಗೆ ಯೆಲ್ಲೋ ಅಲರ್ಟಿನ ದಿನದ ಮಳೆಯೂ ಸಾಕಾಗುತ್ತದೆ. ಹಾಗಾಗಿ ಎಂಟು ದಿನ ಎಡೆಬಿಡದೆ ಹೊಯ್ದ ಮೇಲೆ ಬಂದ ಹಳದಿ ಎಚ್ಚರಿಕೆಯನ್ನು, ಒಣ ನೆಲಕ್ಕೆ ಮೊದಲ ಮಳೆ ಬೀಳುವಾಗ ಬಂದ ಕಿತ್ತಳೆ ಎಚ್ಚರಿಕೆಗಿಂತ ಗಂಭೀರವಾಗಿ ತೆಗೆದುಕೊಳ್ಳುವುದೇ ಸರಿ.

ಜಿಲ್ಲೆಯ ಲೆಕ್ಕಕ್ಕೂ ಊರಿನ ಲೆಕ್ಕಕ್ಕೂ ನಡುವಿನ ಈ ಅಂತರವನ್ನು ತಕ್ಕಮಟ್ಟಿಗೆ ತುಂಬುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರಗಾಲದ ಮೇಲೆ ನಿಗಾ ಇಡುವ ಘಟಕವಾಗಿ ಹುಟ್ಟಿದ ಈ ಸಂಸ್ಥೆ ಬೆಂಗಳೂರಿನ ಯಲಹಂಕದಲ್ಲಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿರುವ ಇದರ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಇದರ ‘ವರುಣಮಿತ್ರ’ ಸಹಾಯವಾಣಿಗೆ (92433 45433) ಕರೆ ಮಾಡಿ ತಮ್ಮ ಊರಿನ ಹೆಸರು ಹೇಳಿದರೆ ಆ ಭಾಗದ ಮಳೆಯ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಬಿಡುವು ಸಿಗಬಹುದೇ ಎಂದು ಕೇಳುವ ಬೆಳೆಗಾರನಿಗೂ, ಹೊಳೆದಂಡೆಯ ಮನೆಯವರಿಗೂ ಜಿಲ್ಲೆಯ ಬಣ್ಣಕ್ಕಿಂತ ಈ ಉತ್ತರವೇ ಹತ್ತಿರದ್ದು.

ಮೂರು ಗಂಟೆಯೊಳಗಿನ ಎಚ್ಚರಿಕೆ, ಸಿಡಿಲು

ದಿನದ ಮುನ್ಸೂಚನೆಯ ಜತೆಗೆ ಹವಾಮಾನ ಇಲಾಖೆ ರೇಡಾರ್ ಮತ್ತು ಉಪಗ್ರಹ ಚಿತ್ರ ನೋಡಿ ಮುಂದಿನ ಮೂರು ಗಂಟೆಗಳಿಗಷ್ಟೇ ಅನ್ವಯಿಸುವ ಎಚ್ಚರಿಕೆಯನ್ನೂ ಹೊರಡಿಸುತ್ತದೆ. ಗುಡುಗು, ಸಿಡಿಲು, ಬಿರುಗಾಳಿಗೆ ಇದೇ ಮುಖ್ಯ. ಮಲೆನಾಡಿನಲ್ಲಿ ಸಿಡಿಲಿನ ಕಾಟ ಮುಂಗಾರಿಗೆ ಮುಂಚೆ, ಏಪ್ರಿಲ್, ಮೇ ತಿಂಗಳ ಇಳಿಹೊತ್ತಿನ ಮಳೆಯಲ್ಲಿ ಹೆಚ್ಚು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್, ಮೊಬೈಲ್ ಇರುವ ಜಾಗದ ಸುತ್ತ 20 ಮತ್ತು 40 ಕಿ.ಮೀ. ಒಳಗೆ ಸಿಡಿಲಿನ ಸಾಧ್ಯತೆ ಇದ್ದರೆ ತಿಳಿಸುತ್ತದೆ. ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಕೂಡ ಬಣ್ಣಗಳನ್ನೇ ಬಳಸುತ್ತದೆ. ಆದರೆ ಅಲ್ಲಿ ಕೆಂಪು, ಕಿತ್ತಳೆ, ಹಳದಿ ತೋರಿಸುವುದು ಸಿಡಿಲು ಎಷ್ಟು ಹತ್ತಿರವಿದೆ ಎಂಬುದನ್ನು, ಮಳೆಯ ಪ್ರಮಾಣವನ್ನಲ್ಲ. ಒಂದೇ ಬಣ್ಣಕ್ಕೆ ಎರಡು ಕಡೆ ಎರಡು ಅರ್ಥ ಇರುವುದನ್ನು ಬಳಸುವವರು ಮರೆಯಬಾರದು.

ಹೊಳೆ ಏರಿದಾಗ

ತುಂಗೆ ಶೃಂಗೇರಿ ಪಟ್ಟಣವನ್ನು ಹಾದು ಕೊಪ್ಪ ತಾಲ್ಲೂಕಿನ ಹರಿಹರಪುರದ ಮೂಲಕ ತೀರ್ಥಹಳ್ಳಿಯತ್ತ ಸಾಗುತ್ತಾಳೆ. ಭದ್ರೆ ಕುದುರೆಮುಖ, ಕಳಸದ ಕಡೆಯಿಂದ ಇಳಿದು ಬಾಳೆಹೊನ್ನೂರಿನ ಮೂಲಕ ಲಕ್ಕವಳ್ಳಿಯ ಜಲಾಶಯ ಸೇರುತ್ತಾಳೆ; ಆ ಜಲಾಶಯದ ಹಿನ್ನೀರು ನರಸಿಂಹರಾಜಪುರದವರೆಗೂ ಚಾಚಿದೆ. ಕೇಂದ್ರ ಜಲ ಆಯೋಗ ದೇಶದ ನದಿಗಳಿಗೆ ‘ಎಚ್ಚರಿಕೆ ಮಟ್ಟ’, ‘ಅಪಾಯದ ಮಟ್ಟ’ ಎಂದು ಎರಡು ಗೆರೆ ಗುರುತಿಸುತ್ತದೆ. ಶೃಂಗೇರಿಯವರಿಗೆ ಅವರದೇ ಗುರುತುಗಳಿವೆ. ತುಂಗೆಯ ದಡದ ಕಪ್ಪೆ ಶಂಕರ ಗುಡಿ ಮುಳುಗಿತೆಂದರೆ ಅದು ಮೊದಲ ಸೂಚನೆ. ನೀರು ಗಾಂಧಿ ಮೈದಾನಕ್ಕೆ ನುಗ್ಗಿತೆಂದರೆ ಅಂಗಡಿಯವರು ಸಾಮಾನು ಎತ್ತಲು ಶುರುಮಾಡುತ್ತಾರೆ, ಅಲ್ಲಿ ನಿಲ್ಲಿಸಿದ್ದ ಯಾತ್ರಿಕರ ವಾಹನಗಳನ್ನು ತೆಗೆಸುತ್ತಾರೆ. ಭದ್ರೆಯ ಮೇಲ್ಭಾಗದಲ್ಲಿ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿಯನ್ನು ಕೆಳಗಿನ ಬಾಳೆಹೊನ್ನೂರಿನವರು ತಮಗೆ ಬಂದ ಎಚ್ಚರಿಕೆ ಎಂದೇ ತಿಳಿಯಬಹುದು, ಆ ನೀರು ಬರುವುದು ಇವರ ಕಡೆಗೇ. ಇಂಥ ಗುರುತುಗಳನ್ನು ಸರ್ಕಾರಿ ಸಂದೇಶಗಳಲ್ಲಿ ಬಳಸಿದರೆ ಮೀಟರ್, ಕ್ಯುಸೆಕ್ ಲೆಕ್ಕಕ್ಕಿಂತ ಬೇಗ ಜನಕ್ಕೆ ಮುಟ್ಟುತ್ತವೆ.

ದೊಡ್ಡ ಹೊಳೆಗೆ ಎಚ್ಚರಿಕೆ ಕೊಡುವವರಿದ್ದಾರೆ, ಸಣ್ಣ ಹಳ್ಳಕ್ಕಿಲ್ಲ. ಗುಡ್ಡದ ಮೇಲೆ ಒಂದು ಗಂಟೆ ಬಿರುಸಾಗಿ ಹೊಯ್ದರೆ ಹಳ್ಳ ಉಕ್ಕಿ ಅಡಿಕೆ ಮರದ ಕಾಲುಸಂಕವನ್ನು ಕೊಚ್ಚಿಕೊಂಡು ಹೋಗುತ್ತದೆ. ಒಂಟಿ ಮನೆಗಳ ಮಕ್ಕಳು ಶಾಲೆಗೆ ಹೋಗುವುದು ಇಂಥ ಸಂಕಗಳನ್ನು ದಾಟಿಯೇ. ಆದ್ದರಿಂದ ಮಳೆಗಾಲದಲ್ಲಿ ಜಿಲ್ಲಾಧಿಕಾರಿ ಹೊರಡಿಸುವ ಶಾಲಾ ರಜೆಯ ಆದೇಶ ಈ ತಾಲ್ಲೂಕುಗಳಲ್ಲಿ ಅತ್ಯಂತ ಪರಿಣಾಮಕಾರಿ ಎಚ್ಚರಿಕೆ. ಅದು ಜಿಲ್ಲೆಗೆ ಒಟ್ಟಾಗಿ ಬರುವುದು ಕಡಿಮೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂಡಿಗೆರೆ, ಕಳಸ ಎಂದು ತಾಲ್ಲೂಕು ಹೆಸರಿಸಿ, ಚಿಕ್ಕಮಗಳೂರು ತಾಲ್ಲೂಕಿನ ಮಲೆನಾಡು ಹೋಬಳಿಗಳನ್ನೂ ಹೆಸರಿಸಿ ರಜೆ ಕೊಡುತ್ತಾರೆ. ಹವಾಮಾನ ಇಲಾಖೆಯ ಬಣ್ಣ ಮಾಡಲಾಗದ ಕೆಲಸವನ್ನು, ಮಲೆನಾಡನ್ನು ಬಯಲಿನಿಂದ ಬೇರ್ಪಡಿಸಿ ನೋಡುವ ಕೆಲಸವನ್ನು ಈ ಆದೇಶ ಮಾಡುತ್ತದೆ. ರಜೆ ಬೆಳಿಗ್ಗೆ ಏಳರ ನಂತರ ಘೋಷಣೆಯಾದರೆ ದೂರದ ಮಕ್ಕಳು ಅಷ್ಟರಲ್ಲಿ ಮನೆ ಬಿಟ್ಟಿರುತ್ತಾರೆ. ಹಿಂದಿನ ಸಂಜೆಯೇ ತಿಳಿಸುವುದು ಒಳ್ಳೆಯದು.

ಗುಡ್ಡ, ಧರೆ, ರಸ್ತೆ

2019ರ ಆಗಸ್ಟ್‌ನಲ್ಲಿ ಪಕ್ಕದ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಮಣ್ಣುಪಾಲಾದ ಮೇಲೆ ಈ ಭಾಗದವರು ಭೂಕುಸಿತದ ಮಾತನ್ನು ಹಗುರವಾಗಿ ಕಾಣುತ್ತಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವನ್ನು ಆರಂಭಿಸಿತು. ಇಂಥ ಮುನ್ಸೂಚನೆ ಒಂದು ಪ್ರದೇಶದಲ್ಲಿ ಕುಸಿತದ ಸಾಧ್ಯತೆ ಹೆಚ್ಚಿದೆ ಎಂದು ಹೇಳಬಲ್ಲದು. ಯಾವ ಮನೆಯ ಹಿಂದಿನ ಧರೆ ಬೀಳುತ್ತದೆ ಎಂದು ಹೇಳಲಾರದು. ಅದನ್ನು ಮೊದಲು ಕಾಣುವವರು ಮನೆಯವರೇ. ಅಂಗಳದಲ್ಲಿ ಹೊಸ ಬಿರುಕು, ಒಮ್ಮೆಲೇ ಕೆಂಪಗಾದ ಒರತೆ ನೀರು, ವಾಲಿದ ಮರ ಅಥವಾ ಲೈಟ್ ಕಂಬ, ಏಕಾಏಕಿ ಮುಚ್ಚಲು ಬಾರದ ಬಾಗಿಲು ಕಂಡರೆ ಯಾವ ಸಂದೇಶಕ್ಕೂ ಕಾಯದೆ ಮನೆಯಿಂದ ಹೊರಡಬೇಕು.

ರಸ್ತೆಯ ಎಚ್ಚರಿಕೆ ಬೇರೆ ಬಗೆಯದು, ಅದು ಆದೇಶ. ಮಂಗಳೂರಿನಿಂದ ಕಾರ್ಕಳ, ಕೆರೆಕಟ್ಟೆ, ನೆಮ್ಮಾರು, ಶೃಂಗೇರಿ, ಕೊಪ್ಪದ ಮೂಲಕ ಶಿವಮೊಗ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಾಗಲಿ, ನೆರೆಯ ಆಗುಂಬೆ ಘಾಟಿಯಲ್ಲಾಗಲಿ ಸಂಚಾರ ನಿರ್ಬಂಧಿಸಿದರೆ ಅದು ಸಲಹೆಯಲ್ಲ. ಮೀರಿದವರನ್ನು ಪೊಲೀಸರು ತಡೆಯುತ್ತಾರೆ.

ಸಂದೇಶ ತಲಪುವ ದಾರಿ

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ಎಚ್ಚರಿಕೆಗಳನ್ನು ಒಂದು ಅಚ್ಚಿಗೆ ತಂದು ಆಯಾ ಪ್ರದೇಶದ ಮೊಬೈಲ್‌ಗಳಿಗೆ ಕಳಿಸುತ್ತದೆ. ಜಗತ್ತಿನ ಹಲವು ದೇಶಗಳು ಬಳಸುವ ಈ ಅಚ್ಚಿನಲ್ಲಿ ಮೂರು ವಿಷಯ ಬೇರೆ ಬೇರೆಯಾಗಿ ನಮೂದಾಗುತ್ತವೆ: ಎಷ್ಟು ತುರ್ತು, ಎಷ್ಟು ತೀವ್ರ, ಎಷ್ಟು ಖಚಿತ. ತೀವ್ರವಾದುದೆಲ್ಲ ಖಚಿತವಲ್ಲ. ಅತ್ಯಂತ ಭಾರಿ ಮಳೆ ಬರಬಹುದು ಎಂಬುದು ತೀವ್ರ, ಆದರೆ ಸಂಭವ. ಹೊಳೆ ರಸ್ತೆಗೆ ಬಂದಿದೆ ಎಂಬುದು ಕಣ್ಣಾರೆ ಕಂಡದ್ದು.

ಸಾಮಾನ್ಯ ಎಸ್‌ಎಂಎಸ್ ಒಂದೊಂದು ನಂಬರಿಗೂ ಬೇರೆಯಾಗಿ ಹೋಗಬೇಕು, ಒತ್ತಡ ಹೆಚ್ಚಾದಾಗ ತಡವಾಗುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಹಾಗಲ್ಲ. ಅದು ಟವರಿನಿಂದ ಹೊರಟು ಆ ಟವರಿನ ವ್ಯಾಪ್ತಿಯ ಎಲ್ಲ ಮೊಬೈಲ್‌ಗಳಿಗೂ ಏಕಕಾಲಕ್ಕೆ ತಲಪುತ್ತದೆ. ಶೃಂಗೇರಿಗೆ ಬಂದ ಹೊರರಾಜ್ಯದ ಯಾತ್ರಿಕನಿಗೂ ಸಿಗುತ್ತದೆ, ಯಾರ ನಂಬರೂ ಬೇಕಿಲ್ಲ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಇದರ ಪರೀಕ್ಷೆ ನಡೆದಾಗ ಮೊಬೈಲ್‌ಗಳು ಜೋರು ಸದ್ದಿನೊಂದಿಗೆ ನಡುಗಿ, ಪರದೆಯ ತುಂಬ ಸಂದೇಶ ತೋರಿಸಿದ್ದವು. ಕಿರಿಕಿರಿಯೆಂದು ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆಗಳನ್ನು ಆಫ್ ಮಾಡಿಟ್ಟವರು ಈಗಲೇ ಆನ್ ಮಾಡಿಕೊಳ್ಳಬೇಕು.

ಆದರೆ ಟವರಿಗೆ ಕರೆಂಟು ಬೇಕು. ಗಾಳಿ ಮಳೆಗೆ ಮರ ಬಿದ್ದು ಕಂಬಗಳು ಮುರಿದರೆ ಒಳಹಳ್ಳಿಗಳಿಗೆ ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ. ಟವರಿನ ಬ್ಯಾಟರಿಯೂ ಡೀಸೆಲ್ಲೂ ಮುಗಿದಾಗ ನೆಟ್‌ವರ್ಕ್ ಹೋಗುತ್ತದೆ. ಎಚ್ಚರಿಕೆ ಅತಿ ಹೆಚ್ಚು ಬೇಕಾದ ರಾತ್ರಿಯೇ ಅದು ಬರುವ ದಾರಿ ಕಡಿದಿರುತ್ತದೆ. ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಇಲ್ಲಿದೆ, ಎಷ್ಟು ಆ್ಯಪ್ ಬಂದರೂ ಇದು ತೀರುವುದಿಲ್ಲ. ಬ್ಯಾಟರಿ ರೇಡಿಯೊ, ಪಟ್ಟಣ ಪಂಚಾಯಿತಿಯ ಮೈಕ್ ಕಟ್ಟಿದ ವಾಹನ, ಮನೆಮನೆಗೆ ಹೋಗುವ ಗ್ರಾಮ ಆಡಳಿತಾಧಿಕಾರಿ, ಆಶಾ ಕಾರ್ಯಕರ್ತೆ ಇವೆಲ್ಲ ಹಳೆಯ ಕಾಲದ ಉಳಿಕೆಗಳಲ್ಲ. ಮಲೆನಾಡಿನ ಮಟ್ಟಿಗೆ ಮುಖ್ಯ ದಾರಿಗಳೇ.

ಮಂಗನ ಕಾಯಿಲೆ, ಕಾಡಾನೆ

ಮಳೆಗಾಲ ಮುಗಿದ ಮೇಲೆ ಎಚ್ಚರಿಕೆಯ ಸ್ವರೂಪ ಬದಲಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. 2024ರ ಆರಂಭದಲ್ಲಿ ಶೃಂಗೇರಿ ತಾಲ್ಲೂಕಿನ ವೃದ್ಧರೊಬ್ಬರು ಇದರಿಂದ ತೀರಿಕೊಂಡರು. ಡಿಸೆಂಬರಿನಿಂದ ಮೇವರೆಗೆ ಇದನ್ನು ಹರಡುವ ಉಣುಗುಗಳ ಕಾಲ. ಇಲ್ಲಿ ಎಚ್ಚರಿಕೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ತೋಟದಲ್ಲೋ ಸೊಪ್ಪಿನಬೆಟ್ಟದಲ್ಲೋ ಮಂಗ ಸತ್ತು ಬಿದ್ದದ್ದನ್ನು ಕಂಡವರು ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಮಾತ್ರ ಇಲಾಖೆ ಆ ಜಾಗದ ಸುತ್ತ ಔಷಧಿ ಸಿಂಪಡಿಸಿ, ಆ ಕಡೆ ಹೋಗಬೇಡಿ, ಹೋಗುವುದಾದರೆ ಡೆಪಾ ತೈಲ ಹಚ್ಚಿಕೊಳ್ಳಿ ಎಂದು ಸಾರಲು ಸಾಧ್ಯ. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಿರುವುದರಿಂದ ಸದ್ಯಕ್ಕೆ ಈ ತಿಳಿವಳಿಕೆಯೇ ದೊಡ್ಡ ರಕ್ಷಣೆ.

ಕಾಡಾನೆಯ ವಿಷಯದಲ್ಲಿ ಗಂಟೆಗಳ ಲೆಕ್ಕ. ಆನೆ ಕಾರ್ಯಪಡೆಯವರು ಆನೆ ಯಾವ ಎಸ್ಟೇಟಿನಲ್ಲಿ, ಯಾವ ರಸ್ತೆಯ ಬದಿಯಲ್ಲಿದೆ ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿಳಿಸುತ್ತಾರೆ. 2025ರ ಅಕ್ಟೋಬರ್ ಕೊನೆಯಲ್ಲಿ ಕೆರೆಕಟ್ಟೆ ಬಳಿ ಕಾಡಾನೆ ದಾಳಿಗೆ ಇಬ್ಬರು ಬಲಿಯಾದರು. ಆದರೆ ನಸುಕಿನಲ್ಲೇ ಹುಲ್ಲಿಗೂ ಕೆಲಸಕ್ಕೂ ಹೊರಡುವವರ ಬಳಿ ಗುಂಪಿನ ಸಂದೇಶ ನೋಡಲು ಸ್ಮಾರ್ಟ್‌ಫೋನ್ ಇಲ್ಲದೆ ಇರಬಹುದು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ಹತ್ತಿರವಿದ್ದಾಗ ದೂರದಿಂದಲೇ ಕಾಣುವಂತೆ ಕೆಂಪು ದೀಪ ಹೊತ್ತಿಸುವ ಪದ್ಧತಿ ಇದೆ. ಓದು ಬರಹ, ಮೊಬೈಲ್ ಯಾವುದೂ ಬೇಡದ ಅಂಥ ದೀಪಗಳು ಕೆರೆಕಟ್ಟೆಗೂ ಬಾಳೆಹೊನ್ನೂರಿನ ಕಾಫಿ ತೋಟಗಳಿಗೂ ಬೇಕು.

ಸುಳ್ಳು ಎಚ್ಚರಿಕೆ ಮತ್ತು ಕರೆಗಳು

ಹಿಂದಿನ ವರ್ಷದ ರಜೆ ಆದೇಶದ ದಿನಾಂಕ ತಿದ್ದಿ ಹರಿಬಿಡುವುದು, ಬೇರೆ ರಾಜ್ಯದ ಭೂಕುಸಿತದ ವಿಡಿಯೊವನ್ನು ಇಲ್ಲಿಯದೆಂದು ಹಂಚುವುದು ಮಳೆಗಾಲದ ಪಿಡುಗು. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಭೀತಿ ಮೂಡಿಸಿದವರಿಗೆ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ವಿಧಿಸಬಹುದು. ಯಾವ ಕಚೇರಿಯದು, ಯಾವ ತಾಲ್ಲೂಕಿಗೆ, ಎಷ್ಟು ಗಂಟೆಯವರೆಗೆ ಎಂಬ ಮೂರೂ ಇಲ್ಲದ ಸಂದೇಶವನ್ನು ಮುಂದೆ ಕಳಿಸದಿರುವುದೇ ಸರಿ. ಅನುಮಾನವಿದ್ದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ ಕೇಳಬಹುದು. ಪೊಲೀಸ್, ಅಗ್ನಿಶಾಮಕ ಸೇರಿ ಎಲ್ಲ ತುರ್ತಿಗೂ 112, ಆಂಬುಲೆನ್ಸಿಗೆ 108, ಹರಿದು ಬಿದ್ದ ವಿದ್ಯುತ್ ತಂತಿಯ ಬಗ್ಗೆ ಮೆಸ್ಕಾಂನ 1912, ಆನೆ ಮತ್ತು ಕಾಳ್ಗಿಚ್ಚಿನ ಬಗ್ಗೆ ಅರಣ್ಯ ಇಲಾಖೆಯ 1926.