ಹಳೇ ಮಾರುತಿ 800 ಸ್ಟಾರ್ಟ್ ಆಗ್ತಿಲ್ವಾ? ಪಾರ್ಟ್ಸ್ ಬದಲಿಸೋ ಮೊದಲು ಇಷ್ಟು ಚೆಕ್ ಮಾಡಿ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ಮನೆ ಹಿಂದಿನ ಶೆಡ್‌ನಲ್ಲಿ ಟಾರ್ಪಾಲ್ ಹೊದ್ದು ನಿಂತ ಕಾರ್ಬೊರೇಟರ್ ಗಾಡಿಗಳು ಇನ್ನೂ ಸಾಕಷ್ಟಿವೆ. ಅಪ್ಪ ಓಡಿಸಿದ ಗಾಡಿ ಅಂತಲೋ, ಕಡಿಮೆ ರೇಟಿಗೆ ಸಿಕ್ತು ಅಂತಲೋ ಅದನ್ನು ರೆಡಿ ಮಾಡೋಕೆ ಹೊರಡುವ ಹುಡುಗರೂ ಇದ್ದಾರೆ.

ಇಲ್ಲಿ ದುಡ್ಡು ಹಾಳಾಗೋದು ಅಂದಾಜಿನ ರಿಪೇರಿಯಿಂದ. ಸ್ಟಾರ್ಟ್ ಆಗ್ತಿಲ್ಲ ಅಂದ ಕೂಡಲೇ ಹೊಸ ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರ್, ಆಮೇಲೆ ಕಾಯಿಲ್. ಕೊನೆಗೆ ನೋಡಿದರೆ ತುಕ್ಕು ಹಿಡಿದ ಒಂದು ಅರ್ಥ್ ವೈರ್. ಒಂದು ಸಾಧಾರಣ ಮಲ್ಟಿಮೀಟರ್ ಇದ್ದು, ಕ್ರಮವಾಗಿ ನೋಡುತ್ತಾ ಹೋದರೆ ಈ ಖರ್ಚು ಬಹುತೇಕ ಉಳಿಯುತ್ತದೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಆರ್‌ಸಿ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಂತರ 5 ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಚಾಸಿ ನಂಬರ್ ಆರ್‌ಸಿಗೆ ತಾಳೆ ಆಗದಿದ್ದರೆ ಇಂಜಿನ್ ರೆಡಿ ಮಾಡಿಯೂ ಪ್ರಯೋಜನವಿಲ್ಲ.

1. ಬ್ಯಾಟರಿ

ಇಂಜಿನ್ ಆಫ್ ಇದ್ದಾಗ ಫುಲ್ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ರ ಆಸುಪಾಸು ಇದ್ದರೆ ಅರ್ಧ ಖಾಲಿ ಅಂತ ಅರ್ಥ. ಮೊದಲು ಚಾರ್ಜ್ ಮಾಡಿ, ಆಮೇಲೆ ಮುಂದಿನ ಪರೀಕ್ಷೆ. ಚಾರ್ಜ್ ಆದ ಮೇಲೂ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿರಬಹುದು, ಇಲ್ಲವೇ ಸೆಲ್ಫ್ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿರಬಹುದು.

ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿಯನ್ನು ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆದು, ಉಜ್ಜಿ, ಬಿಗಿಯಾಗಿ ಕೂರಿಸಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

2. ಅರ್ಥ್: ಹೆಚ್ಚಿನವರು ಮರೆಯುವ ಜಾಗ

ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತೆ, ಕೀ ತಿರುಗಿಸಿದರೆ ಬರೀ ‘ಟಕ್’ ಅನ್ನುತ್ತೆ. ಈ ಲಕ್ಷಣ ಕಂಡರೆ ಸೆಲ್ಫ್ ಮೋಟಾರ್ ಬಿಚ್ಚಬೇಡಿ. ಒಂದು ಜಂಪರ್ ಕೇಬಲ್ ತಗೊಂಡು ಬ್ಯಾಟರಿ ನೆಗೆಟಿವ್‌ನಿಂದ ನೇರವಾಗಿ ಇಂಜಿನ್‌ನ ಪೇಂಟ್ ಇಲ್ಲದ ಲೋಹಕ್ಕೆ ಕೊಡಿ. ಈಗ ಸೆಲ್ಫ್ ಜೋರಾಗಿ ತಿರುಗಿದರೆ ದೋಷ ಅರ್ಥ್ ವೈರ್‌ನದ್ದು.

ಮೀಟರ್‌ನಲ್ಲೂ ನೋಡಬಹುದು. ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಆ ದಾರಿಯಲ್ಲಿ ತುಕ್ಕೋ ಸಡಿಲವೋ ಇದೆ. ಬೋಲ್ಟ್ ಕೂರುವ ಜಾಗದ ಪೇಂಟ್, ತುಕ್ಕು ಕೆರೆದು ಮತ್ತೆ ಬಿಗಿ ಮಾಡಿ.

3. ಸೆಲ್ಫ್ ತಿರುಗುತ್ತೆ, ಇಂಜಿನ್ ಹತ್ತಲ್ಲ

ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಪೆಟ್ರೋಲ್‌ನಲ್ಲಿ ನೆನೆದಿದ್ದರೆ ಕಿಡಿ ಇಲ್ಲ, ಅಥವಾ ಚೋಕ್ ಜಾಸ್ತಿಯಾಗಿ ಇಂಜಿನ್ ನೆನೆದಿದೆ.

ಕಿಡಿ ನೋಡಲು ಪ್ಲಗ್ ಅನ್ನು ವೈರ್‌ಗೆ ಹಾಕಿ, ಅದರ ಲೋಹದ ಭಾಗ ಇಂಜಿನ್‌ಗೆ ತಾಗುವಂತೆ ಇಟ್ಟು ಸೆಲ್ಫ್ ಹೊಡೆಸಿ. ಕೈಯಲ್ಲಿ ಹಿಡಿಯಬೇಡಿ, ಹತ್ತಿರ ಪೆಟ್ರೋಲ್ ಇಡಬೇಡಿ. ನೀಲಿ ಕಿಡಿ ಚಟ್ ಅಂತ ಬರಬೇಕು. ಬರದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್‌ನಲ್ಲಿ ತೇವ, ಬಿರುಕು, ರೋಟರ್, ಪ್ಲಗ್ ವೈರ್, ಕೊನೆಗೆ ಕಾಯಿಲ್. ಮಳೆಗಾಲದಲ್ಲಿ ಕ್ಯಾಪ್ ಒಳಗೆ ಒಣಬಟ್ಟೆಯಲ್ಲಿ ಒರೆಸಿದರೇ ಎಷ್ಟೋ ಗಾಡಿ ಹತ್ತುತ್ತವೆ.

ಕಿಡಿ ಸರಿ ಇದ್ದು ಸೆಲ್ಫ್ ಎಂದಿಗಿಂತ ವೇಗವಾಗಿ, ಹಗುರವಾಗಿ ತಿರುಗುತ್ತಿದ್ದರೆ ಟೈಮಿಂಗ್ ಬೆಲ್ಟ್ ಮೇಲೆ ಅನುಮಾನ ಪಡಿ. ವರ್ಷಗಟ್ಟಲೆ ನಿಂತ ಗಾಡಿಯ ಬೆಲ್ಟ್ ನೋಡೋಕೆ ಚೆನ್ನಾಗಿ ಕಂಡರೂ ಬದಲಿಸಿಬಿಡೋದೇ ಒಳ್ಳೇದು.

4. ಪೆಟ್ರೋಲ್ ಮತ್ತು ಕಾರ್ಬೊರೇಟರ್

ವರ್ಷ ದಾಟಿದ ಪೆಟ್ರೋಲ್ ಅಂಟಾಗಿ ಜೆಟ್ ಕಟ್ಟುತ್ತದೆ. ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಕಾರ್ಬೊರೇಟರ್ ಬಿಚ್ಚಿ ಕ್ಲೀನರ್ ಮತ್ತು ಗಾಳಿಯಿಂದ ತೊಳೆಯಿರಿ. ಜೆಟ್‌ಗೆ ತಂತಿ ಚುಚ್ಚಬೇಡಿ. ತೂತು ಸ್ವಲ್ಪ ದೊಡ್ಡದಾದರೂ ಮೈಲೇಜ್ ಹೋಗುತ್ತೆ.

ಓಡಿಸಿದ ಮೇಲೆ ಪ್ಲಗ್ ಬಣ್ಣ ಓದಿ. ತಿಳಿ ಕಂದು ಇದ್ದರೆ ಸರಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ: ಚೋಕ್ ಸಿಕ್ಕಿಕೊಂಡಿದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ ನೋಡಿ. ಬಿಳಿ ಇದ್ದರೆ ಪೆಟ್ರೋಲ್ ಕಮ್ಮಿ, ಅಥವಾ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ: ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರಬಹುದು.

ಈಗ ಬಂಕ್‌ಗಳಲ್ಲಿ ಸಿಗೋದು ಎಥನಾಲ್ ಬೆರೆತ ಪೆಟ್ರೋಲ್. ಹಳೇ ಗಾಡಿಯ ರಬ್ಬರ್ ಪೈಪ್, ಪಂಪ್ ಡಯಾಫ್ರಮ್ ಇದಕ್ಕಾಗಿ ಮಾಡಿದ್ದಲ್ಲ. ಮೆತ್ತಗಾದ, ಬಿರುಕು ಬಿಟ್ಟ ಪೈಪನ್ನು ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ. ಬಿಸಿ ಇಂಜಿನ್ ಮೇಲೆ ಹನಿ ಪೆಟ್ರೋಲ್ ಬಿದ್ದರೂ ಬೆಂಕಿಗೆ ಸಾಕು.

5. ಚಾರ್ಜಿಂಗ್ ಮತ್ತು ರಾತ್ರಿಯಿಡೀ ಸೋರುವ ಕರೆಂಟ್

ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಕಮ್ಮಿ ಬಂದರೆ ಬೆಲ್ಟ್ ಬಿಗಿ, ವೈರ್, ಆಮೇಲೆ ಆಲ್ಟರ್ನೇಟರ್ ನೋಡಿ. ಇಂಜಿನ್ ಓಡುತ್ತಿರುವಾಗ ಟರ್ಮಿನಲ್ ಕಿತ್ತು ಪರೀಕ್ಷೆ ಮಾಡುವ ಹಳೇ ರೂಢಿ ಬೇಡ, ರೆಗ್ಯುಲೇಟರ್ ಸುಟ್ಟು ಹೋಗಬಹುದು.

ಚಾರ್ಜಿಂಗ್ ಸರಿ ಇದ್ದೂ ಬೆಳಗ್ಗೆ ಬ್ಯಾಟರಿ ಡೌನ್ ಆಗ್ತಿದೆಯಾ? ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು ನಡುವೆ ಸೇರಿಸಿ. 0.05 ಆಂಪಿಯರ್‌ಗಿಂತ ಜಾಸ್ತಿ ತೋರಿಸಿದರೆ ಒಂದೊಂದೇ ಫ್ಯೂಸ್ ಕೀಳಿ. ಯಾವುದನ್ನು ಕಿತ್ತಾಗ ರೀಡಿಂಗ್ ಇಳಿಯುತ್ತೋ ಕಳ್ಳ ಆ ಲೈನ್‌ನಲ್ಲಿದ್ದಾನೆ. ಹೆಚ್ಚಿನ ಸಲ ಆಮೇಲೆ ಹಾಕಿಸಿದ ಸ್ಟೀರಿಯೋ ಅಥವಾ ಅಲಾರಂ. ಮೀಟರ್ ಸೇರಿಸಿರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ.

ಬೆಂಕಿಗೆ ಆಹ್ವಾನ ಕೊಡುವ ಮೂರು ತಪ್ಪು

• ಫ್ಯೂಸ್ ಸುಟ್ಟರೆ ಅದರ ಜಾಗಕ್ಕೆ ತಂತಿ ಅಥವಾ ಬೆಳ್ಳಿ ಹಾಳೆ ಸುತ್ತುವುದು. ಫ್ಯೂಸ್ ಉಳಿದರೆ ಮುಂದೆ ಸುಡೋದು ವೈರಿಂಗ್.

• 55/60 ವ್ಯಾಟ್ ಹೆಡ್‌ಲೈಟ್ ಜಾಗಕ್ಕೆ ರಿಲೇ ಇಲ್ಲದೆ 90/100 ವ್ಯಾಟ್ ಬಲ್ಬ್. ಹೈ ಬೀಮ್‌ನಲ್ಲಿ ಎರಡು ಬಲ್ಬ್‌ಗೆ ಸುಮಾರು 10 ಆಂಪಿಯರ್ ಇದ್ದದ್ದು 16 ದಾಟುತ್ತದೆ, ಹಳೇ ಸ್ವಿಚ್ ಕರಗುತ್ತದೆ.

• ಬಾಟಲಿಯಿಂದ ಕಾರ್ಬೊರೇಟರ್‌ಗೆ ಪೆಟ್ರೋಲ್ ಸುರಿಯುತ್ತಾ ಸೆಲ್ಫ್ ಹೊಡೆಯುವುದು. ಒಮ್ಮೆ ಬ್ಯಾಕ್‌ಫೈರ್ ಆದರೆ ಕೈಯಲ್ಲಿರುವ ಬಾಟಲಿಗೇ ಬೆಂಕಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಎರಡು ಪಾರ್ಟ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಇಂಜಿನ್ ಹತ್ತಿತು ಅಂತ ನೇರ ರೋಡಿಗೆ ಇಳಿಸಬೇಡಿ. ನಿಂತ ಗಾಡಿಯಲ್ಲಿ ಬ್ರೇಕ್ ಸಿಲಿಂಡರ್‌ನ ರಬ್ಬರ್ ಸೋರುತ್ತದೆ, ಟೈರ್ ಬಿರುಕು ಬಿಟ್ಟಿರುತ್ತದೆ. ಓಡೋದಕ್ಕಿಂತ ಮೊದಲು ನಿಲ್ಲೋದು ಸರಿ ಇರಬೇಕು. ಬ್ರೇಕ್ ಕೆಲಸ ಗೊತ್ತಿಲ್ಲದಿದ್ದರೆ ಅದೊಂದನ್ನು ಅನುಭವಿ ಮೆಕ್ಯಾನಿಕ್ ಕೈಗೇ ಕೊಡಿ.